ಒಣಗಿದ ಗೋಣಿಗಳು

ಥಾಯ್ಲೆಂಡಿನ ಯಸೋಥೋನ್ ಸುತ್ತಲಿನ ಹಳ್ಳಿಗಳಲ್ಲಿ ಹಾರುವ ವಸ್ತುಗಳ ಬಗ್ಗೆ ಏನೇ ಅನುಮಾನ ಬಂದರೂ ಜನ ಸಮ್ರಿತ್ ಅವರನ್ನು ಕೇಳುತ್ತಿದ್ದರು. ವಿಮಾನ ಯಾಕೆ ಬೀಳುವುದಿಲ್ಲ, ಚಂದ್ರನ ಮೇಲೆ ನಿಂತವರಿಗೆ ‘ಕೆಳಗೆ’ ಅಂದರೆ ಯಾವ ಕಡೆ, ಎಲ್ಲದಕ್ಕೂ ಅವರಲ್ಲಿ ಉತ್ತರವಿತ್ತು. ಅವರೇನೂ ವಿಮಾನ ಹತ್ತಿದವರಲ್ಲ. ಆದರೆ ಮಳೆಗಾಲಕ್ಕೆ ಮುಂಚೆ ಮಳೆ ದೇವರಿಗೆಂದು ಹಾರಿಸುವ ರಾಕೆಟ್ಟುಗಳನ್ನು ಮೀಸೆ ಮೂಡುವ ಮೊದಲಿನಿಂದ ಕಟ್ಟುತ್ತಿದ್ದರು.

ಈ ವರ್ಷ ಹಾರಿಸುವ ದಿನ ಬೆಳಿಗ್ಗೆ ಸಂಘಟಕರು ಅವರ ಕೈಗೆ ಮೈಕನ್ನೇ ಕೊಟ್ಟರು. ಶಾಲೆಯ ಮಕ್ಕಳು ಮುತ್ತಿಕೊಂಡರು. ಎರಡು ಜಡೆಯ ಹುಡುಗಿಯೊಬ್ಬಳು ಕೇಳಿದಳು:

“ಅಜ್ಜಾ, ತುಂಬಾ ಮೇಲೆ ಗಾಳೀನೇ ಇಲ್ವಂತೆ. ಅಲ್ಲಿ ರಾಕೆಟ್ಟು ಯಾವುದನ್ನ ಒದ್ದು ಮುಂದೆ ಹೋಗುತ್ತೆ?”

“ದೋಣೀಲಿ ನಿಂತು ಅಕ್ಕಿ ಮೂಟೆ ದಡಕ್ಕೆ ಎಸೆದು ನೋಡು. ದೋಣಿ ಹಿಂದಕ್ಕೆ ಸರಿಯುತ್ತೋ ಇಲ್ವೋ? ಯಾರಾದ್ರೂ ದಡ ಒದ್ದರಾ? ಇದೂ ಹಂಗೇ. ಹೊಗೇನ ಹಿಂದಕ್ಕೆ ಎಸೆಯುತ್ತೆ, ತಾನು ಮುಂದಕ್ಕೆ ಹೋಗುತ್ತೆ.”

“ಈ ರಾಕೆಟ್ಟಿಗೆ ಒದ್ದೆ ಗೋಣಿ ಯಾಕೆ ಹೊದಿಸಿದ್ದೀರಿ? ಜ್ವರಾನಾ?”

ಜನ ನಕ್ಕರು. ಸಮ್ರಿತ್‌ಗೆ ಹುರುಪು ಬಂತು.

“ಬಿಸಿಲಿಗೆ ಪ್ಲಾಸ್ಟಿಕ್ ಕೊಳವೆ ಹಿಗ್ಗುತ್ತೆ ಮಗಾ. ಒಳಗೆ ಜಡಿದ ಮದ್ದಿಗೂ ಕೊಳವೆಗೂ ಸಂದಿ ಬಿಡುತ್ತೆ. ಬೆಂಕಿ ಆ ಸಂದೀಗೆ ನುಗ್ಗಿತೋ, ಢಮಾರ್!”

ಗೋಣಿಗಳನ್ನು ಎಳೆದುಹಾಕಿ, ಕೊಳವೆಯ ಮೈ ತಟ್ಟಿ ತೋರಿಸಿದರು. ಚಪ್ಪಾಳೆ ಬಿತ್ತು. ಇನ್ನೊಂದು ಪ್ರಶ್ನೆ, ಮತ್ತೊಂದು. ಗೋಣಿಗಳು ನೆಲದ ಮೇಲೇ ಉಳಿದವು.

ಮಧ್ಯಾಹ್ನ ಬೆಂಕಿ ಕೊಟ್ಟಾಗ ರಾಕೆಟ್ಟು ಅಟ್ಟಣೆಯ ಮೇಲೇ ಸಿಡಿಯಿತು. ಯಾರಿಗೂ ಗಾಯವಾಗಲಿಲ್ಲ.

ರಾಕೆಟ್ಟು ಏಳದ ತಂಡದವರನ್ನು ಕೆಸರಿಗೆ ಎಸೆಯುವುದು ಅಲ್ಲಿಯ ಪದ್ಧತಿ. ಎದುರು ತಂಡದವರು ಮೊದಲು ಹೊತ್ತದ್ದು ಮದ್ದು ಜಡಿದಿದ್ದ ಪ್ರಯೂನ್‌ನನ್ನು, ಸಮ್ರಿತ್‌ರ ತಂಗಿಯ ಮಗನನ್ನು.

“ಮದ್ದು ಜಡಿದಿದ್ದೋ, ಅನ್ನ ಕಲಸಿದ್ದೋ?”

“ಹೆಂಡ್ತಿ ಕಡೆ ನೋಡ್ಕೊಂಡು ಜಡಿದಿರ್ತಾನೆ ಬಿಡ್ರೋ!”

ಪ್ರಯೂನ್ ಕೆಸರಿನಿಂದ ತಲೆ ಎತ್ತಿ, “ಸರಿಯಾಗೇ ಜಡಿದಿದ್ದೆ ಕಣ್ರೋ” ಎಂದ. ಮತ್ತೆ ಮುಳುಗಿಸಿದರು.

ಸಮ್ರಿತ್ ಹತ್ತಿರ ಬಂದವರು ಮಾತ್ರ ಅಲ್ಲೇ ನಿಂತರು. “ಅಜ್ಜ ಬೇಡ. ಸೊಂಟ ಹೋದೀತು.” ಯಾರೋ ಕುರ್ಚಿ ತಂದು ಕೂರಿಸಿದರು, ಇನ್ಯಾರೋ ಐಸ್ ಹಾಕಿದ ನೀರು ಕೊಟ್ಟರು. ಅವರ ಬಿಳಿ ಅಂಗಿಯ ಮೇಲೆ ಒಂದು ಹನಿ ಕೆಸರಿರಲಿಲ್ಲ. ಕಾಲ ಬಳಿಯೇ ಗೋಣಿಗಳು ಒಣಗಿ ಬಿದ್ದಿದ್ದವು.

ಎರಡು ಜಡೆಯ ಹುಡುಗಿ ಮತ್ತೆ ಬಂದಳು. “ಅಜ್ಜಾ, ಯಾಕೆ ಸಿಡೀತು?”

ಉತ್ತರ ಗೊತ್ತಿತ್ತು. ನೀರಿನ ಲೋಟವನ್ನು ಕುರ್ಚಿಯ ಕೆಳಗಿಟ್ಟರು. ಅತ್ತ ಪ್ರಯೂನ್‌ನನ್ನು ಇನ್ನೂ ಆಡಿಕೊಳ್ಳುತ್ತಿದ್ದರು.

ಕೊನೆಗೆ ಎದ್ದು ಮೈಕ್ ಹಿಡಿದರು. “ಪ್ರಯೂನ್ ಸರಿಯಾಗೇ ಜಡಿದಿದ್ದ. ಗೋಣಿ ತೆಗೆದವನು ನಾನು. ಮಾತಿನ ಅಮಲಲ್ಲಿ ಮತ್ತೆ ಹೊದಿಸಲೇ ಇಲ್ಲ.”

ಹೋಗಿ ಕೆಸರಿನ ಅಂಚಿನಲ್ಲಿ ನಿಂತರು. ಯಾರೂ ಮುಟ್ಟಲಿಲ್ಲ. ಪ್ರಯೂನ್ ಎದ್ದು ಬಂದ.

“ಎಸೆಯೋ.”

“ಮಾವಾ...”

“ಎಲ್ಲರ ಹಾಗೇ ಎಸೆಯೋ.”

ಪ್ರಯೂನ್ ಮಾವನನ್ನು ಎತ್ತಿಕೊಂಡು ಕೆಸರಿಗಿಳಿದು, ಮಗುವನ್ನು ಸ್ನಾನಕ್ಕೆ ಕೂರಿಸುವ ಹಾಗೆ ಮೆಲ್ಲಗೆ ಕೂರಿಸಿದ. ಆ ದಿನ ಕೆಸರಿಗಿಳಿದವರಲ್ಲಿ ಜನ ನೋಡಿ ನಗದೆ ಬಿಟ್ಟದ್ದು ಅವರೊಬ್ಬರನ್ನೇ.