ಶೋಭಾ ಗಿಯರಿನಲ್ಲಿಟ್ಟ ಕೈ

1996ರಲ್ಲಿ ನನ್ನನ್ನು ಬೈಲಹೊಂಗಲದಿಂದ ಸವದತ್ತಿ ತಾಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಗೆ ಇಂಗ್ಲಿಷ್ ಶಿಕ್ಷಕಿಯಾಗಿ ವರ್ಗ ಮಾಡಿದರು. ಮನೆ ಬೈಲಹೊಂಗಲದಲ್ಲೇ ಉಳಿಯಿತು. ದಿನಾ ಬೆಳಿಗ್ಗೆ ಮುರಗೋಡದ ಬಸ್ಸು ಹಿಡಿದು, ಅಲ್ಲಿಂದ ಇನ್ನೊಂದು ಬಸ್ಸಿಗೆ ಕಾದು ಶಾಲೆ ಮುಟ್ಟುವಷ್ಟರಲ್ಲಿ ನನ್ನ ಸಿಟ್ಟು ಮೂಗಿನ ತುದಿಗೆ ಬಂದಿರುತ್ತಿತ್ತು. ಮೊದಲೇ ನಾನು ತಾಳ್ಮೆಗೆ ಹೆಸರಾದವಳಲ್ಲ. ಮಕ್ಕಳು ನನ್ನ ಬೆನ್ನ ಹಿಂದೆ ಮೆಣಸಿನಕಾಯಿ ಅಕ್ಕೋರು ಎನ್ನುತ್ತಿದ್ದರೆಂದು ನನಗೆ ಗೊತ್ತಿತ್ತು, ಅದರ ಬಗ್ಗೆ ನನಗೇನೂ ಬೇಸರವಿರಲಿಲ್ಲ.

ಹತ್ತನೆಯ ಇಯತ್ತೆಯಲ್ಲಿ ಇಂಗ್ಲಿಷಿಗೆ ಹೆದರಿ ಶಾಲೆ ಬಿಡುವವರೇ ಹೆಚ್ಚು. ಪಠ್ಯದಲ್ಲಿ ಹಿಮ ಬೀಳುವ ಊರುಗಳಿದ್ದವು. ಮಕ್ಕಳು ಹಿಮ ಕಂಡವರಲ್ಲ, ನಾನೂ ಕಂಡವಳಲ್ಲ. ಯಾರೂ ಕಾಣದ್ದನ್ನು ಯಾರಿಗೂ ಬಾರದ ಭಾಷೆಯಲ್ಲಿ ಹೇಳಿಕೊಡುವುದು ಶುದ್ಧ ದಂಡದ ಕೆಲಸ ಎನ್ನಿಸಿತು. ಶಾಲೆಯ ಹಿಂದೆಯೇ ನವಿಲುತೀರ್ಥದ ಅಣೆಕಟ್ಟಿನಿಂದ ಬಂದ ದೊಡ್ಡ ಕಾಲುವೆ ಹರಿಯುತ್ತಿತ್ತು. ಅದರಿಂದ ಒಂದು ಮರಿ ಕಾಲುವೆ ಒಡೆದು ಕೆಳಗಿನ ಊರುಗಳಿಗೆ ಹೋಗುವ ಜಾಗದಲ್ಲಿ ಕಬ್ಬಿಣದ ಗೇಟು. ಗೇಟನ್ನು ಎತ್ತಲು ಎರಡು ಹಲ್ಲುಗಾಲಿ, ಅಂದರೆ ಗಿಯರು, ಮತ್ತು ತಿರುವಲು ಒಂದು ಉದ್ದ ಹ್ಯಾಂಡಲ್. ನಾನು ಪಠ್ಯಪುಸ್ತಕ ಮುಚ್ಚಿಟ್ಟು, ಶನಿವಾರದ ಬೆಳಗಿನ ಶಾಲೆಯನ್ನು ಆ ಗೇಟಿನ ಬಳಿಗೆ ಒಯ್ದೆ.

ಪಾಠದ ಪದ್ಧತಿ ಸರಳವಾಗಿತ್ತು. ಒಬ್ಬರು ಎದ್ದು ಯಂತ್ರದ ಒಂದು ಭಾಗವನ್ನು ಮುಟ್ಟಬೇಕು. ಅದರ ಹೆಸರು, ಅದು ಮಾಡುವ ಕೆಲಸ, ಅದರಿಂದಾಗುವ ಅಪಾಯ, ಈ ಮೂರನ್ನೂ ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ಕನ್ನಡದಲ್ಲಿ ಹೇಳಬೇಕು. ಹೇಳಿ ಮುಗಿಸುವ ತನಕ ಉಳಿದವರು ಯಂತ್ರಕ್ಕೆ ಕೈ ಹಚ್ಚುವಂತಿಲ್ಲ. ಗಿಯರಿನ ಮೇಲಿನ ತಗಡಿನ ಮುಚ್ಚಳವನ್ನು ಯಾರೋ ಪುಣ್ಯಾತ್ಮರು ಗುಜರಿಗೆ ಹಾಕಿದ್ದರು. ಆದ್ದರಿಂದ ನಾನು ಕಲಿಸಿದ ಮೊದಲ ವಾಕ್ಯವೇ ಗಿಯರಿನಿಂದ ಬೆರಳು ದೂರ ಇಡಿ ಎಂಬುದು. ಮಕ್ಕಳು ಅದನ್ನು ಊರ ತುಂಬ ಒದರಿಕೊಂಡು ತಿರುಗುತ್ತಿದ್ದರು.

ನಮಗೆ ಹ್ಯಾಂಡಲ್ ಕೊಡುತ್ತಿದ್ದವನು ಇಮಾಮಸಾಬ. ಕಾಲುವೆಯ ಗೇಟು ಕಾಯುವ ನೌಕರನನ್ನು ನಮ್ಮ ಕಡೆ ಸೌಡಿ ಎನ್ನುತ್ತಾರೆ, ಅವನು ಆ ಗೇಟಿನ ಸೌಡಿ. ಪಾಠ ಮುಗಿಯುವ ತನಕ ದಂಡೆಯ ಮೇಲೆ ಕುಂತು ಬೀಡಿ ಸೇದುತ್ತ ನಮ್ಮ ಇಂಗ್ಲಿಷು ಕೇಳಿ ನಗುತ್ತಿದ್ದ.

ಆ ತರಗತಿಯಲ್ಲಿ ಶೋಭಾ ಎಂಬ ಹುಡುಗಿಯಿದ್ದಳು. ಅವಳ ಊರು ಆ ಮರಿ ಕಾಲುವೆಯ ತುದಿಯಲ್ಲಿ. ಅಲ್ಲಿ ಪ್ರೌಢಶಾಲೆ ಇರದ ಕಾರಣ ಸೋದರಮಾವನ ಮನೆಯಲ್ಲಿದ್ದು ಓದುತ್ತಿದ್ದಳು. ಜೂನಿನಲ್ಲಿ ಹೆಸರು ಕರೆದರೆ ಎದ್ದು ನಿಲ್ಲುತ್ತಿದ್ದಳೇ ಹೊರತು ಬಾಯಿ ತೆರೆಯುತ್ತಿರಲಿಲ್ಲ. ಗೇಟಿನ ಪಾಠ ಸುರುವಾದ ಮೇಲೆ ಅವಳ ದನಿ ಹೊರಗೆ ಬಂತು. ಕೈಗೆ ಒಂದು ವಸ್ತು ಸಿಕ್ಕರೆ ಅವಳು ಮಾತಾಡುತ್ತಿದ್ದಳು. ನನಗೆ ಅವಳನ್ನು ಕಂಡರೆ ಬಹಳ ಪ್ರೀತಿ, ಇದನ್ನು ಮುಚ್ಚಿಡುವುದೇನಿದೆ.

ಆ ಚಳಿಗಾಲದಲ್ಲಿ ಮರಿ ಕಾಲುವೆಯನ್ನು ರಿಪೇರಿಗೆಂದು ಬಂದ್ ಮಾಡಿದರು. ಕೆಳಗೆ ಒಂದು ಕಡೆ ಕಾಲುವೆಗೆ ಹಳ್ಳ ಅಡ್ಡ ಬರುತ್ತದೆ. ಅಲ್ಲಿ ಕಾಲುವೆಯ ನೀರು ಹಳ್ಳದ ತಳದ ಕೆಳಗೆ ಕಟ್ಟಿದ ಸಿಮೆಂಟಿನ ಕೊಳವೆಯಲ್ಲಿ ಇಳಿದು ಆಚೆ ದಡದಲ್ಲಿ ಏಳುತ್ತದೆ. ಇದಕ್ಕೆ ಸೈಫನ್ ಎನ್ನುತ್ತಾರೆ. ಮನುಷ್ಯ ಬಗ್ಗಿ ನಡೆಯುವಷ್ಟು ಎತ್ತರವಿದ್ದ ಆ ಕೊಳವೆಯಲ್ಲಿ ಹೂಳು ತುಂಬಿತ್ತು. ಅದನ್ನು ತೆಗೆಯಲು ಗುತ್ತಿಗೆದಾರ ರಾಮದುರ್ಗದ ಕಡೆಯಿಂದ ಕೂಲಿಯವರನ್ನು ಕರೆತಂದಿದ್ದ. ಒಂದು ಶುಕ್ರವಾರ ನಾನು ಮಕ್ಕಳನ್ನು ಅಲ್ಲಿಗೆ ಕರೆದೊಯ್ದೆ. ಹೆಂಗಸರು ಒಳಗಿನಿಂದ ಬುಟ್ಟಿಯಲ್ಲಿ ಕೆಸರು ಹೊತ್ತು ತರುತ್ತಿದ್ದರು. ಒಬ್ಬಾಕೆ ಕೊಳವೆಯ ಬಾಯಿಯ ಹತ್ತಿರ ಸೀರೆಯ ಜೋಳಿಗೆ ಕಟ್ಟಿ ಕೂಸನ್ನು ಮಲಗಿಸಿದ್ದಳು. ಶೋಭಾ ಆ ಕೂಸನ್ನು ತೂಗುತ್ತಲೇ ಸೈಫನ್ನಿನ ಮೂರು ವಾಕ್ಯ ಹೇಳಿದಳು. ಒಳಗೆ ಮಂದಿ ಇದ್ದಾಗ ನೀರು ಬಿಟ್ಟರೆ ಏನಾಗುತ್ತದೆ ಎಂಬುದನ್ನೂ ಹೇಳಿದಳು.

ಮರುದಿನ ಶನಿವಾರ. ನಾವು ಗೇಟಿನ ಬಳಿ ಕುಳಿತು ಪಾಠ ಸುರು ಮಾಡಿದ್ದೆವಷ್ಟೆ, ಎರಡು ಟ್ರ್ಯಾಕ್ಟರುಗಳ ತುಂಬ ಮಂದಿ ಬಂದಿಳಿದರು. ಎಲ್ಲರೂ ಕಾಲುವೆ ತುದಿಯ ಊರಿನವರು. ಕೈಯಲ್ಲಿ ಬಡಿಗೆ, ಹಾರಿ, ಕೊಡಲಿ. ಅವರ ಗೋವಿನಜೋಳ ತೆನೆ ಹಿಡಿಯುವ ಹೊತ್ತಿನಲ್ಲಿ ನೀರು ನಿಂತಿತ್ತು. ಪ್ರತಿ ವರ್ಷವೂ ಅವರ ಪಾಳಿ ಬಂದಾಗಲೇ ಗೇಟಿಗೆ ರಿಪೇರಿ ಎಂಬ ಬೋರ್ಡು ಏರುತ್ತಿತ್ತು, ಮೇಲಿನವರ ಕಬ್ಬು ಮಾತ್ರ ಹಸಿರಾಗಿಯೇ ಇರುತ್ತಿತ್ತು. ಆ ಬೋರ್ಡಿನ ಮೇಲೆ ಅವರಿಗೆ ನಂಬಿಕೆ ಉಳಿದಿರಲಿಲ್ಲ. ಉಳಿಯುವ ಕಾರಣವೂ ಇರಲಿಲ್ಲ. ಮುಂದೆ ನಿಂತಿದ್ದವನು ಈರಪ್ಪ, ಶೋಭಾಳ ತಂದೆ.

ಹ್ಯಾಂಡಲ್ ಕೊಡು ಎಂದು ಇಮಾಮಸಾಬನನ್ನು ಕೇಳಿದರು. ಅವನು ಅದನ್ನು ಎದೆಗೆ ಅವುಚಿಕೊಂಡು ಕುಂತುಬಿಟ್ಟ.

"ಒಳಗ ಮಂದಿ ಅದಾರ್ರಿ. ಸೈಫನ್ನಿನ್ಯಾಗ ಹೆಣ್ಣಮಕ್ಕಳು ಅದಾರ. ನೀರು ಬಿಟ್ರ ಸಾಯ್ತಾರ" ಎಂದ.

"ವರ್ಷಾ ಇದ ರಾಗ ಹಾಡ್ತಿ" ಎಂದ ಈರಪ್ಪ. "ನಮಗ ರಿಪೇರಿ ಅಂತಿ, ಮ್ಯಾಲಿನವರಿಗೆ ಕದ್ದು ಬಿಡ್ತಿ."

ಮೊದಲ ಬಡಿಗೆ ಇಮಾಮಸಾಬನ ಭುಜಕ್ಕೆ ಬಿತ್ತು. ಎರಡನೆಯದು ಮೊಣಕೈಗೆ. ಎಲುಬು ಮುರಿದ ಸಪ್ಪಳ ನನಗೆ ಕೇಳಿಸಿತು, ಒಣಗಿದ ಹತ್ತಿಕಟ್ಟಿಗೆ ಮುರಿದ ಹಾಗೆ. ಆದರೂ ಅವನು ಹ್ಯಾಂಡಲ್ ಬಿಡಲಿಲ್ಲ. ಒಬ್ಬ ಅವನ ಹೊಟ್ಟೆಗೆ ಒದ್ದ, ಇನ್ನೊಬ್ಬ ತಲೆಗೆ ಹೊಡೆದ. ರಕ್ತ ಕಣ್ಣಿಗೆ ಇಳಿದು ಅವನಿಗೆ ಏನೂ ಕಾಣದಾದಾಗ ಹ್ಯಾಂಡಲ್ ಕಿತ್ತುಕೊಂಡರು. ನಾನು ನಡುವೆ ನುಗ್ಗಿ ಸ್ಟೀಲಿನ ಊಟದ ಡಬ್ಬಿಯಿಂದ ಒಬ್ಬನ ಬೆನ್ನಿಗೆ ಬಾರಿಸಿದೆ. ಡಬ್ಬಿ ಬಿಚ್ಚಿ ರೊಟ್ಟಿ ಪಲ್ಯ ಚೆಲ್ಲಿತು, ಅವನು ನನ್ನನ್ನು ನೂಕಿದ ಹೊಡೆತಕ್ಕೆ ನಾನು ಕಲ್ಲಿನ ಮೇಲೆ ಬಿದ್ದೆ. ಕನ್ನಡಕ ಒಡೆದು ಹುಬ್ಬು ಸೀಳಿತು. ಒಳಗೆ ಮಂದಿ ಅದಾರ ಎಂದು ನಾನೂ ಒದರಿದೆ, ಮಕ್ಕಳೂ ಒದರಿದರು. ಯಾರ ಮಾತೂ ಯಾರಿಗೂ ಕೇಳುವ ಹಾಗಿರಲಿಲ್ಲ. ನಾಲ್ಕೈದು ಹುಡುಗರು ಹೊಡೆತ ತಪ್ಪಿಸಿಕೊಂಡು ಸೈಫನ್ನಿನ ಕಡೆ ಓಡಿದರು.

ಈರಪ್ಪ ಮತ್ತೊಬ್ಬನ ಜೊತೆ ಸೇರಿ ಹ್ಯಾಂಡಲ್ ತಿರುವತೊಡಗಿದ. ಗೇಟು ಕಿರ್ರೆಂದು ಏಳಹತ್ತಿತು. ದೊಡ್ಡ ಕಾಲುವೆಯ ನೀರು ಕೆಳಗಿನಿಂದ ಹಾರಿ ಬರಲು ಸುರುವಾಯಿತು.

ಆಗ ಶೋಭಾ ಗಂಡಸರ ಕಾಲುಗಳ ನಡುವೆ ನುಸುಳಿ ಹೋಗಿ ಗಿಯರಿನ ಮುಂದೆ ನಿಂತಳು. ತರಗತಿಯಲ್ಲಿ ನಿಲ್ಲುವ ಹಾಗೆಯೇ ನೆಟ್ಟಗೆ ನಿಂತು, ಬಲಗೈಯನ್ನು ಎರಡು ಹಲ್ಲುಗಾಲಿ ಕೂಡುವ ಜಾಗದಲ್ಲಿಟ್ಟಳು. "ದಿಸ್ ಈಸ್ ದಿ ಗಿಯರ್" ಎಂದಳು. "ಇಟ್ ಲಿಫ್ಟ್ಸ್ ದಿ ಗೇಟ್. ಪೀಪಲ್ ಆರ್ ಇನ್‌ಸೈಡ್ ದಿ ಸೈಫನ್."

ಈರಪ್ಪ ತಲೆಯೆತ್ತಿ ಮಗಳ ಮುಖ ನೋಡಿದ. ಅವಳ ಕೈಯನ್ನೂ ನೋಡಿದ. ನೋಡಿ, ಹ್ಯಾಂಡಲ್ಲನ್ನು ಮೊದಲಿಗಿಂತ ಜೋರಾಗಿ ತಿರುವಿದ.

ಅವಳು ಕನ್ನಡದ ಮಾತಿಗೆ ಬರುವ ಮೊದಲೇ ಹಲ್ಲುಗಾಲಿ ಅವಳ ಬೆರಳುಗಳನ್ನು ಎಳೆದುಕೊಂಡಿತು. ಅವಳ ಕೂಗು ಹೇಗಿತ್ತು ಎಂಬುದನ್ನು ನಾನು ಬರೆಯಲಾರೆ. ಹ್ಯಾಂಡಲ್ ಸಿಕ್ಕಿಕೊಂಡು ನಿಂತಿತು. ಗ್ರೀಸಿನ ಕಪ್ಪು ಮತ್ತು ರಕ್ತ ಕೂಡಿ ಗಿಯರಿನ ಹಲ್ಲುಗಳಿಂದ ತೊಟ್ಟಿಕ್ಕತೊಡಗಿತು. ಗದ್ದಲವೆಲ್ಲ ಒಮ್ಮೆಲೇ ಅಡಗಿ, ನೀರು ಹಾರುವ ಸದ್ದು ಮಾತ್ರ ಉಳಿಯಿತು. ಈರಪ್ಪ ಹ್ಯಾಂಡಲ್ ಬಿಟ್ಟು ಮಗಳ ಕೈ ಹಿಡಿದು ಎಳೆಯಹೋದ. ಶೋಭಾನ ಕೈ ಗಿಯರಿನ್ಯಾಗ ಸಿಕ್ಕೈತಿ, ಆಕಿ ಅಪ್ಪ ಎಳ್ಯಾಕ ಹತ್ಯಾನ ಎಂದು ಮಕ್ಕಳು ಚೀರಿದರು.

"ಎಳೀಬ್ಯಾಡ, ಈರಪ್ಪಾ" ಎಂದ ಇಮಾಮಸಾಬ ಬಿದ್ದಲ್ಲಿಂದಲೇ. "ಉಲ್ಟಾ ತಿರುವು. ಕೈನೂ ಬಿಡ್ತೈತಿ, ಗೇಟೂ ಇಳೀತೈತಿ."

ಈರಪ್ಪ ಉಲ್ಟಾ ತಿರುವಿದ. ಕೈ ಹೊರಬಂತು. ಬಲಗೈಯ ಎರಡು ಬೆರಳು ಚರ್ಮದಲ್ಲಿ ಜೋತಾಡುತ್ತಿದ್ದವು. ನಾನು ಸೆರಗು ಹರಿದು ಕಟ್ಟಿದೆ. ಇಮಾಮಸಾಬ ಮಾತ್ರ ಕಣ್ಣು ಕಾಣದಿದ್ದರೂ ನೀರಿನ ಸದ್ದಿಗೇ ಕಿವಿಗೊಟ್ಟು, ಪೂರಾ ಇಳಸು, ಪೂರಾ ಇಳಸು ಎನ್ನುತ್ತಲೇ ಇದ್ದ. ಈರಪ್ಪ ಅಳುತ್ತ ಗೇಟನ್ನು ತಳಕ್ಕೆ ಮುಟ್ಟಿಸಿದ.

ಅಷ್ಟು ಹೊತ್ತಿನಲ್ಲಿ ಹಾದುಹೋದ ನೀರು ಸೈಫನ್ನಿನವರೆಗೆ ಹೋಗಿಯೇ ಬಿಟ್ಟಿತ್ತು. ಓಡಿದ ಹುಡುಗರು ನೀರಿಗಿಂತ ಸ್ವಲ್ಪ ಮುಂಚೆ ಮುಟ್ಟಿದ್ದರು. ಕೊನೆಯ ಹೆಂಗಸು ಕೊಳವೆಯಿಂದ ಹೊರಬಂದಾಗ ನೀರು ಅವಳ ತೊಡೆಗೆ ಬಂದಿತ್ತಂತೆ. ಜೋಳಿಗೆಯ ಕೂಸನ್ನು ಒಬ್ಬ ಹುಡುಗ ಹೆಗಲಿಗೆ ಹಾಕಿಕೊಂಡು ದಂಡೆ ಹತ್ತಿದ್ದ. ಯಾರೂ ಸಾಯಲಿಲ್ಲ. ಗೇಟು ಇನ್ನೊಂದು ಮೊಳ ಎದ್ದಿದ್ದರೆ ಈ ಮಾತನ್ನು ಬರೆಯುವ ಭಾಗ್ಯ ನನಗಿರುತ್ತಿರಲಿಲ್ಲ.

ಹೊಡೆದಾಟ ಅಲ್ಲಿಗೇ ಮುಗಿಯಲಿಲ್ಲ. ಕೂಲಿಯ ಗಂಡಸರು ಸಲಿಕೆ ಹಿಡಿದು ಗೇಟಿಗೆ ಬಂದರು. ತಮ್ಮ ಹೆಂಡಿರನ್ನು ಮುಳುಗಿಸಹೊರಟವರನ್ನು ಕಂಡು ಸುಮ್ಮನಿರಲು ಅವರೇನು ಕಲ್ಲೇ? ಸಿಕ್ಕಸಿಕ್ಕವರಿಗೆ ಬಡಿದರು. ಒಬ್ಬನ ದವಡೆ ಮುರಿಯಿತು, ಇನ್ನೊಬ್ಬನನ್ನು ಕಾಲುವೆಯಲ್ಲಿ ಕೆಡವಿ ತುಳಿದರು. ಈರಪ್ಪನ ಬೆನ್ನಿಗೂ ಸಲಿಕೆಯ ಏಟು ಬಿತ್ತು. ಅವನು ತಿರುಗಿ ನೋಡದೆ ಮಗಳನ್ನು ಎತ್ತಿಕೊಂಡು ಟ್ರ್ಯಾಕ್ಟರಿಗೆ ನಡೆದ. ಇಮಾಮಸಾಬನನ್ನೂ ಅದರಲ್ಲೇ ಹಾಕಿದೆವು. ಹೊಡೆದವನು, ಹೊಡೆಸಿಕೊಂಡವನು, ನಡುವೆ ಆ ಹುಡುಗಿ, ಹೀಗೆ ಸವದತ್ತಿಯ ಸರ್ಕಾರಿ ದವಾಖಾನೆಗೆ ಹೋದೆವು. ಪೊಲೀಸರು ಬಂದದ್ದು ಎಲ್ಲ ಮುಗಿದ ಮೇಲೆ.

ಎರಡು ಬೆರಳು ಉಳಿಯಲಿಲ್ಲ. ಇಮಾಮಸಾಬನ ಮೊಣಕೈ ಕೂಡಿತು, ಆದರೆ ಮಡಚಲು ಬರಲಿಲ್ಲ.

ಇದೆಲ್ಲ ನಿಮ್ಮ ಪಾಠದಿಂದಲೇ ಆಯಿತು ಎಂದು ನಮ್ಮ ಮುಖ್ಯೋಪಾಧ್ಯಾಯರು ನನಗೆ ನೋಟೀಸು ಕೊಟ್ಟರು. ಹ್ಯಾಂಡಲ್ ತಿರುವಿದವಳು ನಾನಲ್ಲ, ಹಿಂದಿನ ವರ್ಷಗಳಲ್ಲಿ ಸುಳ್ಳು ಬೋರ್ಡು ಹಾಕಿಸಿದವಳೂ ನಾನಲ್ಲ ಎಂದು ಉತ್ತರ ಬರೆದೆ. ಈಗಲೂ ಹಾಗೆಯೇ ಹೇಳುತ್ತೇನೆ. ಆದರೆ ಒಂದು ಪ್ರಶ್ನೆ ನನ್ನನ್ನು ಕೊರೆಯುತ್ತಿತ್ತು. ದವಾಖಾನೆಯಲ್ಲಿ ಅವಳಿಗೆ ಸ್ವಲ್ಪ ಆರಾಮಾದ ಮೇಲೆ ಕೇಳಿಯೇ ಬಿಟ್ಟೆ: ಅಂಥ ಹೊತ್ತಿನಲ್ಲಿ ಅಪ್ಪಾ ನಿಲ್ಲಸು ಎನ್ನದೆ ಇಂಗ್ಲಿಷ್ ಪಾಠ ಯಾಕೆ ಹೇಳಿದೆ?

ಅವಳು ಪಟ್ಟಿ ಕಟ್ಟಿದ ಕೈ ನೋಡುತ್ತ ಹೇಳಿದಳು: "ಮನ್ಯಾಗ ನಾ ಕನ್ನಡದಾಗ ಹೇಳಿದ್ದು ಯಾವತ್ತೂ ಯಾರೂ ಕೇಳಿಲ್ರಿ, ಅಕ್ಕೋರ. ಇಂಗ್ಲೀಷಿನ್ಯಾಗ ಹೇಳಿದ್ರಾದ್ರೂ ಕೇಳ್ತಾರ ಅನ್ಕೊಂಡೆ."

ನಾನು ವರಾಂಡಕ್ಕೆ ಬಂದು ಅತ್ತೆ.

ಈರಪ್ಪ ಜಾಮೀನಿನ ಮೇಲೆ ಹೊರಬಂದವನು ಒಂದು ದಿನ ಶಾಲೆಗೆ ಬಂದ. ಒಳಗೆ ಬರ್ರಿ ಎಂದರೂ ಬಾಗಿಲಲ್ಲೇ ನಿಂತ. ಮಗಳು ಅವತ್ತು ಏನು ಹೇಳಿದಳೆಂದು ಕೇಳಿದ. ನಾನು ಮೂರೂ ವಾಕ್ಯಗಳನ್ನು ಕನ್ನಡದಲ್ಲಿ ಹೇಳಿದೆ. ಮೂರನೆಯದನ್ನು ಇನ್ನೊಮ್ಮೆ ಹೇಳಿಸಿಕೊಂಡ.

"ಆಕಿ ಇಂಗ್ಲೀಷ್ ಅಂದದ್ದು ಕೇಳಿ ನನಗ ಸಿಟ್ಟು ನೆತ್ತಿಗೇರಿತ್ರಿ" ಎಂದ. "ಅಪ್ಪನ ಮುಂದ ಶಾಣ್ಯಾತನ ತೋರಸಾಕ ಹತ್ಯಾಳ ಅನ್ನಿಸ್ತು. ಕೈ ತಗೀತಾಳ ಬಿಡು ಅಂತ ಜೋರ್ ತಿರುವಿದೆ."

ಬೈಯಬೇಕೆಂದು ನಾನು ತಿಂಗಳುಗಟ್ಟಲೆ ಕೂಡಿಟ್ಟುಕೊಂಡ ಮಾತುಗಳಿದ್ದವು. ಅವನ್ನು ಬದಿಗಿಟ್ಟೆ. ಮುಂದಿನ ಶನಿವಾರ ಬೆಳಿಗ್ಗೆ ಗೇಟಿನ ಹತ್ತಿರ ಬರಬೇಕು, ಬರುವಾಗ ಊರಿನ ನಾಲ್ಕು ಮಂದಿಯನ್ನು ಕರೆತರಬೇಕು ಎಂದಷ್ಟೇ ಹೇಳಿದೆ.

ಅಂದಿನಿಂದ ನಾನು ಪಾಠದ ಪದ್ಧತಿ ಬದಲಿಸಿದೆ. ಅಪಾಯದ ಮಾತು ಮೊದಲು, ಅದೂ ಕನ್ನಡದಲ್ಲಿ. ಹೆಸರು ಮತ್ತು ಕೆಲಸ ಆಮೇಲೆ. ಇಂಗ್ಲಿಷ್ ಕೊನೆಗೆ. ಕೇಳಲಿಕ್ಕೆ ಮಕ್ಕಳಷ್ಟೇ ಸಾಲದು, ಅವರ ಮನೆಯವರೂ ಬರಬೇಕು. ನಿವೃತ್ತಿಯಾಗುವ ತನಕ ಹೀಗೆಯೇ ಕಲಿಸಿದೆ. ಮಗುವಿಗೆ ಮಾತು ಕಲಿಸುವುದು ನನ್ನ ನೌಕರಿಯ ಅರ್ಧ ಕೆಲಸ, ಅದರ ಮಾತನ್ನು ಕೇಳುವ ಕಿವಿ ತಯಾರು ಮಾಡುವುದು ಉಳಿದರ್ಧ ಎಂಬುದು ನನಗೆ ಆ ಗೇಟಿನ ಬಳಿ ತಿಳಿಯಿತು.

ಮೊದಲ ಶನಿವಾರ ಈರಪ್ಪ ಬಂದ. ಜೊತೆಗೆ ಊರಿನವರೂ ಬಂದಿದ್ದರು. ಇಮಾಮಸಾಬ ಮಡಚಲಾಗದ ತೋಳಿನಿಂದಲೇ ಹ್ಯಾಂಡಲ್ ತಂದು ಗಿಯರಿಗೆ ಸಿಕ್ಕಿಸಿದ. ಯಾರಾದರೂ ದೊಡ್ಡವರು ಅದನ್ನು ಹಿಡಿದು ನಿಲ್ಲಬೇಕು ಎಂದೆ. ಯಾರೂ ಏಳಲಿಲ್ಲ. ಕೊನೆಗೆ ಈರಪ್ಪನೇ ಎದ್ದು ಎರಡೂ ಕೈಯಿಂದ ಹಿಡಿದುಕೊಂಡ. ಶೋಭಾ ಎದುರಿಗೆ ಬಂದು ನಿಂತಳು. ಬಲಗೈಯನ್ನು ಸೆರಗಿನಲ್ಲಿ ಮುಚ್ಚಿಕೊಳ್ಳಲಿಲ್ಲ.

"ಕೈ ತಗಿ, ಅಪ್ಪಾ" ಎಂದಳು. "ಒಳಗ ಮಂದಿ ಅದಾರ."

ಆಗ ಒಳಗೆ ಯಾರೂ ಇರಲಿಲ್ಲ. ಮರಿ ಕಾಲುವೆ ಒಣಗಿತ್ತು. ಈರಪ್ಪ ಕೈ ತೆಗೆದ.