ಪಿಳ್ಳಮ್ಮನ ತಮ್ಮನಿಗೆ ಬಂದ ಕೆಲಸ

ಹೊಸಕೋಟೆ ಪಕ್ಕದ ಹಳ್ಳಿಯ ಮುನಿರಾಮಯ್ಯನಿಗೆ ೧೯೬೯ರ ಬೇಸಿಗೆಯಲ್ಲಿ ಮೊದಲ ಕೆಲಸದ ಆರ್ಡರು ಬಂತು. ಬೆಂಗಳೂರಿನ ಒಂದು ಮಾನಸಿಕ ಆಸ್ಪತ್ರೆಯ ಗಂಡಸರ ವಾರ್ಡಿನಲ್ಲಿ ಡಾಕ್ಟರ ಸಹಾಯಕ. ಹದಿನೈದು ದಿನದೊಳಗೆ ಸೇರಬೇಕು, ಆವರಣದಲ್ಲೇ ಉಳಿಯಬೇಕು, ತಿಂಗಳಿಗೊಮ್ಮೆ ಮಾತ್ರ ಊರಿಗೆ ಹೋಗಬಹುದು ಎಂದು ಅದರಲ್ಲಿತ್ತು.

ಊರವರ ಬಾಯಲ್ಲಿ ಅದು ಹುಚ್ಚಾಸ್ಪತ್ರೆ ಕೆಲಸ. ಆದರೆ ಮುನಿರಾಮಯ್ಯ ಇಂಥ ರೋಗಿಗಳನ್ನು ನೋಡಿಕೊಳ್ಳುವ ತರಬೇತಿಗೆ ಸೇರಿದ್ದೇ ಅಕ್ಕ ಪಿಳ್ಳಮ್ಮನಿಗಾಗಿ. ತಾಯಿ ಸತ್ತಾಗ ಅವನಿಗೆ ಮೂರು ವರ್ಷ. ಹತ್ತು ವರ್ಷದ ಪಿಳ್ಳಮ್ಮನೇ ನೀರು ಸೇದಿ, ಮುದ್ದೆ ತಿರುವಿ ಅವನನ್ನು ಸಾಕಿದಳು. ಅವಳ ಮದುವೆಯಾದ ಆರನೇ ವರ್ಷಕ್ಕೆ ಗಂಡನ ಮನೆಯವರು ಗಾಡಿಯಲ್ಲಿ ತಂದು ತವರಿನ ಬಾಗಿಲಲ್ಲಿ ಇಳಿಸಿ ಹೋದರು. ಯಾರೋ ಕರೆಯುತ್ತಿದ್ದಾರೆಂದು ಊರಾಚೆಗೆ ಓಡುತ್ತಿದ್ದಳು. ಮಂತ್ರ ಹಾಕಿಸಿದರು, ತಾಯಿತ ಕಟ್ಟಿಸಿದರು, ಕೊನೆಗೆ ಅವಳ ಕೈಗೆ ಹಗ್ಗ ಬಿತ್ತು. ತರಬೇತಿ ಮುಗಿಸಿ ಬಂದ ಮುನಿರಾಮಯ್ಯ ಅವಳನ್ನು ಡಾಕ್ಟರಿಗೆ ತೋರಿಸಿ ಮಾತ್ರೆ ತಂದ. ಅವನ ಕೈಯಿಂದ ಮಾತ್ರ ನುಂಗುತ್ತಿದ್ದಳು. ಮೂರು ತಿಂಗಳಲ್ಲಿ ಹಗ್ಗ ಬಿಚ್ಚಿದರು. ತಾನೇ ಜಡೆ ಹೆಣೆದುಕೊಳ್ಳತೊಡಗಿದಳು.

ಹೊಸಕೋಟೆಯ ಡಾಕ್ಟರೊಬ್ಬರು ಕಾಂಪೌಂಡರಾಗಿ ಬಾ ಎಂದು ಕರೆದಿದ್ದರು. ಅಲ್ಲಿ ಕಲಿತದ್ದೆಲ್ಲ ದಂಡ, ಆದರೆ ಸಂಜೆಗೆ ಮನೆ ಸೇರಬಹುದು. ಮುನಿರಾಮಯ್ಯ ಒಂದು ವಾರ ಅತ್ತಿತ್ತ ತೂಗಿದ. ಅಕ್ಕನನ್ನೂ ಬೆಂಗಳೂರಿಗೆ ಕರೆದೊಯ್ದು ಅದೇ ಆಸ್ಪತ್ರೆಗೆ ಸೇರಿಸೋಣವೆಂದರೆ ಒಂದು ಮುಳ್ಳಿತ್ತು. ಸಂದರ್ಶನದಲ್ಲಿ ದೊಡ್ಡ ಡಾಕ್ಟರು, "ನಿಮ್ಮ ಮನೇಲಿ ಯಾರಿಗಾದ್ರೂ ಈ ಕಾಯಿಲೆ ಇದೆಯೇನಪ್ಪಾ?" ಎಂದು ಕೇಳಿದ್ದರು. ಕೆಲಸ ತಪ್ಪೀತೆಂದು ಹೆದರಿ, "ಇಲ್ಲ ಸಾರ್" ಎಂದುಬಿಟ್ಟಿದ್ದ.

"ಹೋಗ್ಲಾ," ಎಂದ ತಂದೆ ಚಿಕ್ಕವೆಂಕಟಪ್ಪ. "ಇಂಥ ಕೆಲ್ಸ ಎಲ್ಡು ಸಲ ಬತ್ತದಾ? ಅವಳ್ನ ನಾನ್ ನೋಡ್ಕೊತೀನಿ."

ಪಿಳ್ಳಮ್ಮ ಜಗಲಿಯಲ್ಲಿ ಅವರೆಕಾಳು ಆರಿಸುತ್ತಿದ್ದಳು. ಮುನಿರಾಮಯ್ಯ ಹತ್ತಿರ ಕುಳಿತು ಕೆಲಸದ ವಿಷಯ ಹೇಳಿದ.

"ಅಲ್ಲಿ ನನ್ನಂಥೋರು ಇರ್ತಾರಾ?" ಎಂದಳು.

"ಇರ್ತಾರಕ್ಕ."

"ಕಟ್ಟಾಕ್ತಾರಾ?"

"ನಾನಿರೋ ಕಡೆ ಕಟ್ಟಾಕಲ್ಲ."

"ಹಂಗಾದ್ರೆ ಹೋಗಪ್ಪ. ಅವ್ರಿಗೂ ಯಾರಾನಾ ಬೇಕಲ್ಲ."

ಅವಳ ಮಾತ್ರೆಗಳನ್ನು ಅಪ್ಪನ ಕೈಗೆ ಒಪ್ಪಿಸಿ ಅವನು ಹೋದ. ಮೊದಲ ತಿಂಗಳು ಊರಿಗೆ ಬಂದಾಗ ಅವಳು ಚೆನ್ನಾಗಿಯೇ ಇದ್ದಂತೆ ಕಂಡಿತು. ಎರಡನೇ ತಿಂಗಳು ವಾರ್ಡಿನಲ್ಲಿ ಕೆಲಸದವರು ಕಡಿಮೆಯಿದ್ದು ರಜೆ ಸಿಗಲಿಲ್ಲ. ಮೂರನೇ ತಿಂಗಳ ನಡುವೆ ಚಿಕ್ಕವೆಂಕಟಪ್ಪ ಆಸ್ಪತ್ರೆಯ ಗೇಟಿನಲ್ಲಿ ಬಂದು ನಿಂತ. ಮಗನನ್ನು ನೋಡಿ ಟವಲಿನಿಂದ ಮುಖ ಮುಚ್ಚಿಕೊಂಡ.

ಪಿಳ್ಳಮ್ಮ ಮಾತ್ರೆ ಬಿಟ್ಟು ಬಹಳ ದಿನವಾಗಿತ್ತು. ಅಪ್ಪ ಕೊಟ್ಟರೆ, "ಮುನಿ ಬರ್ಲಿ, ಅವ್ನ ಕೈಲೇ ತಗೊಂತೀನಿ," ಎಂದು ಬಾಯಿ ಬಿಗಿಯುತ್ತಿದ್ದಳು. ಮತ್ತೆ ಓಡತೊಡಗಿದಳು. ಸೋನೆಯಲ್ಲಿ ಎರಡು ದಿನ ಹೊಲಗಳಲ್ಲಿ ಅಲೆದು, ಸಿಕ್ಕಾಗ ಮೈ ಕಾದ ಹೆಂಚು. ನಾಲ್ಕನೇ ದಿನ ತೀರಿಕೊಂಡಳು.

"ಒಂದು ಕಾಗ್ದ ಯಾಕ್ ಬರೆಸ್ಲಿಲ್ಲಪ್ಪ?"

"ಬರೆಸಿದ್ರೆ ನೀನು ಕೆಲ್ಸ ಬಿಟ್ಟು ಬತ್ತಿದ್ದೆ ಕಣಪ್ಪ."

ಕಾರ್ಯ ಮುಗಿಸಿ ಬಂದ ಮುನಿರಾಮಯ್ಯ ದೊಡ್ಡ ಡಾಕ್ಟರ ಮುಂದೆ ನಿಂತು ತಾನು ಹೇಳಿದ್ದ ಸುಳ್ಳನ್ನು ಒಪ್ಪಿಕೊಂಡ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನಾನು ಎಲ್ಲರನ್ನೂ ಅದನ್ನ ಕೇಳ್ತೀನಿ. ಮನೇಲಿ ಇಂಥೋರನ್ನ ನೋಡಿಕೊಂಡಿರೋರಿಗೆ ಈ ಕೆಲಸದ ಕಷ್ಟ ಗೊತ್ತಿರುತ್ತೆ, ಅದಕ್ಕೆ," ಎಂದರು. ಕನ್ನಡಕ ಮತ್ತೆ ಹಾಕಿಕೊಂಡರು. "ಹೇಳಿದ್ರೆ ನಿಮ್ಮಕ್ಕನಿಗೆ ಇಲ್ಲೇ ಒಂದು ಹಾಸಿಗೆ ಕೊಡ್ತಿದ್ದೆನಪ್ಪ."

ಮುನಿರಾಮಯ್ಯ ಕೈ ಮುಗಿದು ಹೊರಗೆ ಬಂದ. ಮಧ್ಯಾಹ್ನದ ಮಾತ್ರೆಯ ಹೊತ್ತಾಗಿತ್ತು. ಹೆಂಗಸರ ವಾರ್ಡಿನ ಮುಂದೆ ಹಾದುಹೋಗಲಾರದೆ, ಹಿಂದಿನಿಂದ ಸುತ್ತು ಹಾಕಿಕೊಂಡು ತನ್ನ ವಾರ್ಡಿಗೆ ನಡೆದ.