ಜಪಾನಿನ ಮೀನು ಸಾಕಿದ ಮಾಮ

ಪಕ್ಕದ ಮನೆಯ ಮಾಮನ ಬಲಗೈ ಹೆಬ್ಬೆರಳು ಅರ್ಧವೇ ಇತ್ತು. ಉಳಿದದ್ದು ಹಡಗಿನ ಅಡುಗೆಮನೆಯ ಕತ್ತಿಗೆ ಹೋದದ್ದಂತೆ. ಆ ಮೊಂಡು ಬೆರಳನ್ನು ಅಂಗಳದ ಸಿಮೆಂಟು ತೊಟ್ಟಿಗೆ ಇಳಿಸಿದರೆ ಮೊಳದುದ್ದದ ಎರಡು ಮೀನುಗಳು ಮೇಲೆ ಬಂದು ಮಗುವಿನ ಹಾಗೆ ಚೀಪುತ್ತಿದ್ದವು. ಬಿಳಿ ಮೈ, ಅಲ್ಲಲ್ಲಿ ಕುಂಕುಮ ಚೆಲ್ಲಿದ ಹಾಗೆ ಕೆಂಪು.

ಎಪ್ಪತ್ತರ ದಶಕದ ಕೊನೆಗೆ ಮದುವೆಯಾಗಿ ಕಾಪುವಿಗೆ ಬಂದಾಗ ನಾನು ಕಂಡ ಮೊದಲ ಸೋಜಿಗ ಅದು. ಉಡುಪಿಯ ಕಾನ್ವೆಂಟಿನಲ್ಲಿ ಓದಿದ ನನಗೆ ಮೀನೆಂದರೆ ಒಂದೋ ಪುಸ್ತಕದ ಚಿತ್ರ, ಇಲ್ಲವೇ ಅನ್ನದ ಜೊತೆಯ ಗಸಿ.

ಮಾಮ ಹಡಗಿನಲ್ಲಿ ಅಡುಗೆ ಮಾಡುತ್ತಿದ್ದವರು. ಜಪಾನಿನಿಂದ ಡ್ರಮ್ಮಿನಲ್ಲಿ ಹೊರಟದ್ದು ಬೆರಳುದ್ದದ ಆರು ಮರಿ, ಊರು ಮುಟ್ಟಿದ್ದು ಎರಡು.

“ಈ ಬಣ್ಣ ಎಲ್ಲಿಂದ ಬಂತು ಮಾಮ?”

“ಅಲ್ಲಿ ಗುಡ್ಡದ ಮೇಲೆ ನಮ್ಮ ಇನ್ನಂಜೆಯ ಹಾಗೆ ಗದ್ದೆಗಳು ಉಂಟು. ತಿನ್ನಲಿಕ್ಕೆ ಅಂತ ರೈತರು ಹೊಂಡದಲ್ಲಿ ಕಪ್ಪು ಮೀನು ಸಾಕುತ್ತಿದ್ದರಂತೆ. ಎಲ್ಲೋ ಒಂದು ಕೆಂಪು ಮರಿ ಹುಟ್ಟಿತು. ಕೊಯ್ಯಲಿಕ್ಕೆ ಮನಸ್ಸು ಬರಲಿಲ್ಲ. ಅಷ್ಟೇ ಮಾರಾಯ್ತಿ, ಅಲ್ಲಿಂದ ಶುರು.”

ಬುಟ್ಟಿ ಹೊತ್ತು ಬರುವ ಮೀನಿನ ಹೆಂಗಸಿಗೆ ಮಾತ್ರ ಆ ಮನಸ್ಸು ಧಾರಾಳ ಬರುತ್ತಿತ್ತು. “ಒಂದಕ್ಕೆ ಎರಡು ತೆಂಗಿನಕಾಯಿ ಅರೆಯಬೇಕಾದೀತು, ಅಲ್ವಾ ಅಣ್ಣ?”

“ನಿನ್ನ ಕಣ್ಣು ಬಿದ್ದರೆ ಅವು ಊಟ ಬಿಡ್ತವೆ. ಹೋಗು, ಹೋಗು!” ಮಾಮ ಹೆಗಲ ಬೈರಾಸು ಬೀಸಿ ಅಟ್ಟುವರು.

ಒಂದು ಜುಲೈಯಲ್ಲಿ ಮಾಮ ಕಾರ್ಕಳದ ತಂಗಿಯ ಮನೆಗೆ ಹೊರಟರು. ಮೀನುಗಳನ್ನು ನನಗೆ ಒಪ್ಪಿಸಿ, ದಿನಕ್ಕೊಂದು ಹಿಡಿ ಅನ್ನ ಹಾಕಲು ಹೇಳಿದರು. ನಾನು ಸುಮ್ಮನಿರಬೇಕಲ್ಲ! ತೊಟ್ಟಿಯ ಹಸಿರು ನೀರು ನೋಡಿ ಅಸಹ್ಯವಾಯಿತು. ಮೀನುಗಳನ್ನು ಹಂಡೆಗೆ ಹಾಕಿ, ಆ ನೀರನ್ನೆಲ್ಲ ತೆಂಗಿನ ಬುಡಕ್ಕೆ ಸುರಿದು, ಪಾಚಿ ತಿಕ್ಕಿ, ಬಾವಿಯ ನೀರು ತುಂಬಿಸಿ ಮತ್ತೆ ಬಿಟ್ಟೆ. ಊರಲ್ಲಿ ಕಾಮಾಲೆ ಎಂದು ಆ ಬೆಳಿಗ್ಗೆಯಷ್ಟೇ ಪಂಚಾಯತಿನವರು ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿ ಹೋಗಿದ್ದರು. ನಮಗೆ ಒಳ್ಳೆಯದಾದದ್ದು ಮೀನಿಗೂ ಒಳ್ಳೆಯದೇ ಎಂದುಕೊಂಡೆ.

ಅರ್ಧ ಗಂಟೆಯಲ್ಲಿ ಎರಡೂ ಮೇಲೆ ಬಂದು ಬಾಯಿ ಬಿಡತೊಡಗಿದವು. ಒಂದು ಮಗ್ಗುಲಾಯಿತು. ಮಾಡಿನಡಿ ಮಳೆನೀರು ಹಿಡಿಯಲು ಇಟ್ಟ ಟಬ್ಬಿಗೆ ಎರಡನ್ನೂ ಸೆರಗಿನಲ್ಲೇ ಎತ್ತಿ ಹಾಕಿದೆ. ಉಳಿದದ್ದು ಒಂದೇ.

ಮಾಮ ಬಂದು ಟಬ್ಬಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಉಳಿದ ಮೀನಿಗೆ ಮೊಂಡು ಬೆರಳು ಕೊಟ್ಟರು. ಬೈದಿದ್ದರೆ ಚೆನ್ನಾಗಿತ್ತು. “ಹಸಿರು ಗಲೀಜಲ್ಲ ಮಗಳೇ, ಅದು ಅವುಗಳ ಮನೆ,” ಎಂದರು. ಅಷ್ಟೇ.

ತಿಂಗಳೊಳಗೆ ಮತ್ತೆ ಕಾರ್ಕಳಕ್ಕೆ ಹೊರಟಾಗ ನನ್ನನ್ನೇ ಕರೆದರು. ನನಗೆ ಅಳು ಬಂತು. “ಬೇಡ ಮಾಮ, ಬೇರೆ ಯಾರಿಗಾದರೂ ಹೇಳಿ.”

“ಬೇರೆಯವರಿಗೆ ಕಲಿಯಲಿಕ್ಕೆ ಇನ್ನೊಂದು ಮೀನು ಎಲ್ಲಿಂದ ತರಲಿ? ನಿನಗಾದರೆ ಗೊತ್ತುಂಟು.”

ಆಮೇಲೆ ಅವರು ಎಲ್ಲಿಗೆ ಹೋದರೂ ಆ ಮೀನು ನನ್ನದೇ. ಹೋಗುವ ಮೊದಲು ನೀರಿನ ಬಗ್ಗೆ, ಅನ್ನದ ಬಗ್ಗೆ ಹತ್ತು ಸಲ ಹೇಳುವರು. ವರ್ಷ ಕಳೆದಂತೆ ಆ ಹತ್ತು ಸಲ ಐದಾಯಿತು, ಎರಡಾಯಿತು. ಎಂಬತ್ತರ ದಶಕದ ನಡುವೆ ಅವರನ್ನು ಮಣಿಪಾಲದ ಆಸ್ಪತ್ರೆಗೆ ಕರೆದೊಯ್ಯಲು ಕಾರು ಬಂತು. ನಾನು ಗೇಟಿನ ಹತ್ತಿರ ನಿಂತಿದ್ದೆ. ಮಾಮ ತೊಟ್ಟಿಯನ್ನು ನೋಡಿದರು, ನನ್ನನ್ನು ನೋಡಿದರು, ಮೀನಿನ ಬಗ್ಗೆ ಒಂದು ಮಾತೂ ಹೇಳದೆ ಕಾರು ಹತ್ತಿದರು.

ಅವರು ಮರಳಿ ಬರಲಿಲ್ಲ. ನನ್ನನ್ನು ಅಷ್ಟು ನಂಬಿದವರು ಆಮೇಲೆ ಯಾರೂ ಸಿಗಲಿಲ್ಲ.